ಓಡುವ ಮಕ್ಕಳ ಊಟದ ತಟ್ಟೆ

ಮಳೆಯ ಅಬ್ಬರ ಇಳಿಯುತ್ತಿದ್ದಂತೆ ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಶಾಲೆಗಳಲ್ಲಿ ಆಟೋಟದ ಕಾಲ ಆರಂಭವಾಗುತ್ತದೆ. ಮೊದಲು ಶಾಲಾ ಮಟ್ಟ, ಆಮೇಲೆ ಉಪಜಿಲ್ಲೆ, ಅಲ್ಲಿ ಗೆದ್ದವರಿಗೆ ಜಿಲ್ಲೆ, ಅದನ್ನೂ ದಾಟಿದವರಿಗೆ ರಾಜ್ಯ ಮಟ್ಟ. ಓಟ, ಕಬಡ್ಡಿ, ವಾಲಿಬಾಲ್, ಫುಟ್‌ಬಾಲ್ ಎಂದು ಮಕ್ಕಳು ಬೆಳಗ್ಗೆ ಐದೂವರೆಗೇ ಎದ್ದು ಮೈದಾನಕ್ಕೆ ಹೋಗುತ್ತಾರೆ. ಹೆಚ್ಚಿನವರ ಹೊಟ್ಟೆಯಲ್ಲಿ ಆ ಹೊತ್ತಿಗೆ ಇರುವುದು ಒಂದು ಲೋಟ ಕಣ್ಣ ಚಹಾ ಮಾತ್ರ. ಅಭ್ಯಾಸ ಮುಗಿಸಿ ಓಡೋಡಿ ಮನೆಗೆ ಬಂದು, ಸಿಕ್ಕಿದ್ದನ್ನು ಎರಡು ತುತ್ತು ತಿಂದು, ಬಸ್ಸಿಗೆ ಓಡುತ್ತಾರೆ. ಸಂಜೆ ಪುನಃ ಅಭ್ಯಾಸ.

ಕಂಬಳದ ಕೋಣಗಳನ್ನು ಸಾಕುವವರು ಅವುಗಳಿಗೆ ಹುರುಳಿ ಬೇಯಿಸಿ ಹಾಕುತ್ತಾರೆ. ಓಟದ ದಿನ ಹತ್ತಿರ ಬಂದ ಹಾಗೆ ಮೇವಿನ ಬಗ್ಗೆ ಇನ್ನೂ ಹೆಚ್ಚು ಕಾಳಜಿ ವಹಿಸುತ್ತಾರೆ. ಗದ್ದೆ ಉಳುವ ಎತ್ತಿಗೆ ಬರೀ ಬೈಹುಲ್ಲು ಸಾಲದೆಂದು ನಮ್ಮ ಹಿರಿಯರಿಗೂ ತಿಳಿದಿತ್ತು. ಆದರೆ ಅದೇ ಮನೆಯ ಮಗ ಅಥವಾ ಮಗಳು ದಿನಕ್ಕೆ ಎರಡು ಹೊತ್ತು ಮೈದಾನದಲ್ಲಿ ಓಡುವಾಗ ತಟ್ಟೆಗೆ ಏನು ಬೀಳುತ್ತಿದೆ ಎಂದು ನಾವು ನೋಡುವುದು ಕಡಿಮೆ. ನೋಡಿದರೂ ಪೇಟೆಯ ಡಬ್ಬಿಯ ಕಡೆಗೆ ನೋಡುತ್ತೇವೆ. ಓಡುವ ಮಗುವಿಗೆ ಬೇಕಾದದ್ದು ವಿಶೇಷ ಆಹಾರವಲ್ಲ. ಸಾಕಷ್ಟು ಆಹಾರ, ಅದೂ ಸರಿಯಾದ ಹೊತ್ತಿಗೆ. ಅದನ್ನು ಹೊಂದಿಸುವುದು ಹೇಗೆಂದು ಈ ಸಲ ನೋಡೋಣ.

ಎರಡು ಖರ್ಚು, ಒಂದೇ ತಟ್ಟೆ

ದೊಡ್ಡವರು ಉಣ್ಣುವುದು ದಿನದ ಕೆಲಸಕ್ಕಾಗಿ. ಹದಿಹರೆಯದವರು ಅದೇ ತಟ್ಟೆಯಿಂದ ಮೈಯನ್ನೂ ಕಟ್ಟಬೇಕು. ಎತ್ತರ ಬೆಳೆಯುವುದು, ಎಲುಬು ಗಟ್ಟಿಯಾಗುವುದು, ರಕ್ತ ಹೆಚ್ಚುವುದು ಎಲ್ಲವೂ ಈ ಕೆಲವೇ ವರ್ಷಗಳಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮಧ್ಯಮ ದುಡಿತದ ಗಂಡಸಿಗೆ ದಿನಕ್ಕೆ 2710 ಕಿಲೊ ಕ್ಯಾಲೊರಿ ಶಕ್ತಿ ಬೇಕು. 16ರಿಂದ 18 ವರ್ಷದ ಹುಡುಗನಿಗೆ 3320. ಮಧ್ಯಮ ದುಡಿತದ ಹೆಂಗಸಿಗೆ 2130. 13ರಿಂದ 15 ವರ್ಷದ ಹುಡುಗಿಗೆ 2400. ಅಂದರೆ ಮಗನಿಗೆ ತಂದೆಗಿಂತ, ಮಗಳಿಗೆ ತಾಯಿಗಿಂತ ಹೆಚ್ಚು ಅನ್ನ ಬೇಕು. ಇದರ ಮೇಲೆ 50 ಕಿಲೊ ತೂಕದ ಮಗು ಒಂದು ಗಂಟೆ ಜೋರಾಗಿ ಓಡಿದರೆ ಇನ್ನೂ ಸುಮಾರು 400ರಿಂದ 500 ಕಿಲೊ ಕ್ಯಾಲೊರಿ ಖರ್ಚಾಗುತ್ತದೆ. ರೈತರ ಮಕ್ಕಳಿಗೆ ಹುಲ್ಲು ತರುವುದು, ಅಡಿಕೆ ಹೆಕ್ಕುವುದು, ನೀರು ಬಿಡುವುದು ಬೇರೆ ಇದೆ. ಅದೂ ಖರ್ಚಿನ ಲೆಕ್ಕಕ್ಕೇ ಸೇರುತ್ತದೆ.

ಆದಾಯ ಕಡಿಮೆಯಾಗಿ ಖರ್ಚು ಹೆಚ್ಚಾದರೆ ಮನೆಯಲ್ಲಿ ಏನು ಮಾಡುತ್ತೇವೆ? ತೀರಾ ಅಗತ್ಯವಾದದ್ದಕ್ಕೆ ಕೊಟ್ಟು ಉಳಿದದ್ದನ್ನು ಮುಂದೂಡುತ್ತೇವೆ. ದೇಹವೂ ಹಾಗೆಯೇ. ಅಂದಿನ ಓಟಕ್ಕೆ ಹೇಗೋ ಶಕ್ತಿ ಹೊಂದಿಸಿ, ಬೆಳವಣಿಗೆಯನ್ನೂ ಎಲುಬು ಕಟ್ಟುವುದನ್ನೂ ರೋಗದ ಎದುರು ಹೋರಾಡುವುದನ್ನೂ ಹಿಂದಕ್ಕೆ ಹಾಕುತ್ತದೆ. ಅಡಿಕೆ ಮರದ ವಿಷಯದಲ್ಲಿ ನಮಗೆ ಇದು ಗೊತ್ತು. ಬೇಸಗೆಯಲ್ಲಿ ನೀರು ತಪ್ಪಿದರೆ ಮರ ಸಾಯುವುದಿಲ್ಲ, ಹಸುರಾಗಿಯೇ ನಿಲ್ಲುತ್ತದೆ. ಆದರೆ ನಳ್ಳಿ ಉದುರುತ್ತದೆ. ಕಡಿಮೆ ಉಂಡು ಹೆಚ್ಚು ಓಡುವ ಮಗುವೂ ಮೇಲಿನಿಂದ ನೋಡುವಾಗ ಚುರುಕಾಗಿಯೇ ಕಾಣಬಹುದು. ನಷ್ಟ ಒಳಗಿನದು.

ಗಂಜಿ ಮತ್ತು ಉಪ್ಪಿನಕಾಯಿ

1984ರ ಆಗಸ್ಟ್ 8ರಂದು ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕೋಯಿಕ್ಕೋಡು ಜಿಲ್ಲೆಯ ಪಯ್ಯೋಳಿಯ ಪಿ. ಟಿ. ಉಷಾ 400 ಮೀಟರ್ ಹರ್ಡಲ್ಸ್ ಓಟವನ್ನು 55.42 ಸೆಕೆಂಡಿನಲ್ಲಿ ಮುಗಿಸಿದರು. ರೊಮೇನಿಯದ ಓಟಗಾರ್ತಿಯ ಸಮಯ 55.41. ಸೆಕೆಂಡಿನ ನೂರರ ಒಂದು ಪಾಲಿನಿಂದ ಕಂಚಿನ ಪದಕ ಕೈತಪ್ಪಿತು. ಅಲ್ಲಿ ಅಮೆರಿಕದ ಊಟ ತನಗೆ ಹಿಡಿಸದೆ ಗಂಜಿ ಮತ್ತು ಮಾವಿನ ಉಪ್ಪಿನಕಾಯಿಯಲ್ಲೇ ದಿನ ಕಳೆಯಬೇಕಾಯಿತು, ಕೊನೆಯ 35 ಮೀಟರಿನಲ್ಲಿ ಶಕ್ತಿ ಸಾಲದೆ ಹೋಗುವುದಕ್ಕೆ ಅದೂ ಕಾರಣ ಎಂದು ಅವರೇ ಎಷ್ಟೋ ವರ್ಷಗಳ ನಂತರ ಸಂದರ್ಶನವೊಂದರಲ್ಲಿ ಹೇಳಿಕೊಂಡಿದ್ದಾರೆ.

ಇದನ್ನು ಓದಿ ಗಂಜಿಯನ್ನು ದೂರಬಾರದು. ಕುಚ್ಚಲಕ್ಕಿ ಗಂಜಿ ಒಳ್ಳೆಯ ಆಹಾರ. ಭತ್ತವನ್ನು ಬೇಯಿಸಿ ಕುಟ್ಟುವುದರಿಂದ ತೌಡಿನ ಬಿ ಜೀವಸತ್ವದ ಒಂದಷ್ಟು ಅಂಶ ಅಕ್ಕಿಯೊಳಗೆ ಉಳಿಯುತ್ತದೆ. ಬೆವರು ಸುರಿಸಿ ಬಂದವನಿಗೆ ಉಪ್ಪು ಹಾಕಿದ ಗಂಜಿ ನೀರನ್ನೂ ಉಪ್ಪನ್ನೂ ಪಿಷ್ಟವನ್ನೂ ಒಟ್ಟಿಗೆ ಕೊಡುತ್ತದೆ. ಅದರ ಕೊರತೆ ಎರಡು. ಒಂದು, ಅದರಲ್ಲಿ ನೀರೇ ಹೆಚ್ಚು. 50 ಗ್ರಾಂ ಅಕ್ಕಿಯ ತೆಳು ಗಂಜಿ ಹೊಟ್ಟೆ ತುಂಬಿಸುತ್ತದೆ, ಆದರೆ ಕೊಡುವುದು ಸುಮಾರು 175 ಕಿಲೊ ಕ್ಯಾಲೊರಿ ಮಾತ್ರ. ಎರಡು, ಉಪ್ಪಿನಕಾಯಿ ನೆಂಚಿಕೊಂಡರೆ ಮೈ ಕಟ್ಟುವ ಸಸಾರಜನಕ, ಅಂದರೆ ಪ್ರೋಟೀನು, ಬಹಳ ಕಡಿಮೆ. ಗಂಜಿಯನ್ನು ದಪ್ಪ ಮಾಡಿ, ಅದಕ್ಕೆ ಒಂದು ಹಿಡಿ ಹೆಸರುಕಾಳು ಸೇರಿಸಿ, ಮೇಲೆ ತೆಂಗಿನ ತುರಿ ಹಾಕಿ, ಜೊತೆಗೆ ಒಂದು ಮೊಟ್ಟೆಯೋ ಮೀನೋ ಇಟ್ಟರೆ ಅದೇ ಗಂಜಿ ಓಟಗಾರನ ಊಟವಾಗುತ್ತದೆ.

ಹೊತ್ತು ತಪ್ಪಬಾರದು

ನಾವು ತಿಂದ ಅನ್ನದ ಪಿಷ್ಟ ಸಕ್ಕರೆಯಾಗಿ ಪಿತ್ತಜನಕಾಂಗದಲ್ಲಿಯೂ ಸ್ನಾಯುಗಳಲ್ಲಿಯೂ ಸಂಗ್ರಹವಾಗುತ್ತದೆ. ಪಿತ್ತಜನಕಾಂಗದ ದಾಸ್ತಾನು ರಾತ್ರಿಯ ನಿದ್ದೆಯ ಹೊತ್ತಿನಲ್ಲೇ ಬಹುಪಾಲು ಖಾಲಿಯಾಗುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಓಡುವವರಿಗೆ ಕಣ್ಣು ಕತ್ತಲೆ ಬರುವುದು, ಕಾಲು ಭಾರವಾಗುವುದು, ತರಗತಿಯಲ್ಲಿ ತೂಕಡಿಕೆ ಬರುವುದು ಇದರಿಂದ. ಬೆಳಗಿನ ಅಭ್ಯಾಸಕ್ಕೆ ಮೊದಲು ಹೊಟ್ಟೆ ತುಂಬ ತಿನ್ನಬೇಕಾಗಿಲ್ಲ. ಒಂದು ನೇಂದ್ರ ಬಾಳೆಹಣ್ಣು, ಇಲ್ಲವೆ ಎರಡು ಕದಳಿ, ಇಲ್ಲವೆ ಬೆಲ್ಲ ಕಲಸಿದ ಒಂದು ಹಿಡಿ ಅವಲಕ್ಕಿ, ಮತ್ತೆ ಒಂದು ಲೋಟ ನೀರು ಸಾಕು.

ಅಭ್ಯಾಸ ಮುಗಿದ ಮೇಲಿನ ಒಂದು ಗಂಟೆಯೊಳಗೆ ಸರಿಯಾದ ಊಟ ಸಿಕ್ಕಿದರೆ ಸ್ನಾಯುಗಳು ಬರಿದಾದ ದಾಸ್ತಾನನ್ನು ಬೇಗ ತುಂಬಿಸಿಕೊಳ್ಳುತ್ತವೆ. ಸಂಜೆ ಪುನಃ ಓಡಬೇಕಾದವರಿಗೆ ಇದು ಮುಖ್ಯ. ಒಂದು ದಿನದ ಊಟವನ್ನು ಹೀಗೆ ಹೊಂದಿಸಬಹುದು:

1. ಅಭ್ಯಾಸಕ್ಕೆ ಅರ್ಧ ಗಂಟೆ ಮೊದಲು: ಬಾಳೆಹಣ್ಣು ಅಥವಾ ಬೆಲ್ಲ ಅವಲಕ್ಕಿ, ನೀರು.

2. ಅಭ್ಯಾಸದ ಬಳಿಕ: ದೋಸೆ, ಪುಂಡಿ ಅಥವಾ ಇಡ್ಲಿ, ಜೊತೆಗೆ ಕಡಲೆಯ ಇಲ್ಲವೆ ಹೆಸರಿನ ಗಸಿ, ಒಂದು ಮೊಟ್ಟೆ, ಒಂದು ಲೋಟ ಹಾಲು.

3. ಶಾಲೆಯ ಸಣ್ಣ ಬಿಡುವಿನಲ್ಲಿ: ಹುರಿದ ನೆಲಗಡಲೆ ಮತ್ತು ಬೆಲ್ಲ.

4. ಮಧ್ಯಾಹ್ನ: ಕುಚ್ಚಲಕ್ಕಿ ಅನ್ನ, ಹುರುಳಿ ಸಾರು ಅಥವಾ ಬೂತಾಯಿ ಪದಾರ್ಥ, ಹರಿವೆ ಅಥವಾ ಬಸಳೆ, ಮಜ್ಜಿಗೆ.

5. ಸಂಜೆ ಅಭ್ಯಾಸಕ್ಕೆ ಮೊದಲು: ಬೇಯಿಸಿದ ಗೆಣಸು ಅಥವಾ ಅವಲಕ್ಕಿ.

6. ರಾತ್ರಿ: ಅನ್ನ ಅಥವಾ ದಪ್ಪ ಗಂಜಿ, ಬೇಳೆ, ತರಕಾರಿ. ಮಲಗುವ ಮೊದಲು ಹಾಲು ಅಥವಾ ರಾಗಿ ಮಣ್ಣಿ.

ಶಾಲೆಯ ಬಿಸಿಯೂಟ ಯೋಜನೆ ಇರುವುದು 8ನೇ ತರಗತಿಯವರೆಗೆ ಮಾತ್ರ. 9ನೇ ತರಗತಿಗೆ ಹೋದ ಮೇಲೆ, ಅಂದರೆ ಹಸಿವು ಅತಿ ಹೆಚ್ಚಾಗುವ ವಯಸ್ಸಿನಲ್ಲಿ, ಬುತ್ತಿಯ ಜವಾಬ್ದಾರಿ ಪೂರ್ತಿ ಮನೆಯದು. ಸಣ್ಣವನಿದ್ದಾಗಿನ ಬುತ್ತಿಪಾತ್ರೆಯೇ ಈಗಲೂ ಹೋಗುತ್ತಿದ್ದರೆ ಅದನ್ನು ಬದಲಿಸುವ ಕಾಲ ಬಂದಿದೆ.

ಡಬ್ಬಿಯ ಹುಡಿ ಬೇಕೇ?

ಮಗ ಕಬಡ್ಡಿ ತಂಡಕ್ಕೆ ಆಯ್ಕೆಯಾದ ಕೂಡಲೇ ಯಾರೋ ಒಬ್ಬರು ಪ್ರೋಟೀನು ಹುಡಿಯ ಡಬ್ಬಿಯ ಹೆಸರು ಹೇಳುತ್ತಾರೆ. ಅಭ್ಯಾಸ ಮಾಡುವ ಆಟಗಾರನಿಗೆ ದೇಹತೂಕದ ಪ್ರತಿ ಕಿಲೊಗೆ 1.2ರಿಂದ 2 ಗ್ರಾಂ ಪ್ರೋಟೀನು ಸಾಕೆಂದು ಕ್ರೀಡಾ ಪೋಷಣೆಯ ತಜ್ಞರು ಹೇಳುತ್ತಾರೆ. 50 ಕಿಲೊ ತೂಕದವನಿಗೆ ದಿನಕ್ಕೆ 75 ಗ್ರಾಂ ಎಂದಿಟ್ಟುಕೊಳ್ಳೋಣ. ಈಗ ನಮ್ಮ ಅಡುಗೆಮನೆಯ ಲೆಕ್ಕ ನೋಡಿ: ಒಂದು ಮೊಟ್ಟೆಯಲ್ಲಿ 6 ಗ್ರಾಂ, ಎರಡು ಲೋಟ ಹಾಲಿನಲ್ಲಿ 12, 30 ಗ್ರಾಂ ನೆಲಗಡಲೆಯಲ್ಲಿ 7, 50 ಗ್ರಾಂ ಹುರುಳಿಯಲ್ಲಿ 11, 100 ಗ್ರಾಂ ಬೂತಾಯಿಯಲ್ಲಿ 18, ಮೂರು ಹೊತ್ತಿನ 350 ಗ್ರಾಂ ಅಕ್ಕಿಯಲ್ಲಿ ಸುಮಾರು 25. ಒಟ್ಟು 79 ಗ್ರಾಂ. ಮೀನು ಸಿಗದ ದಿನ ಕಾಳನ್ನೂ ಮೊಸರನ್ನೂ ಹೆಚ್ಚಿಸಿದರಾಯಿತು. ಡಬ್ಬಿಯ ಅಗತ್ಯ ಎಲ್ಲಿದೆ? ಅದರ ಬೆಲೆಗೆ ಇಡೀ ಮನೆಗೆ ತಿಂಗಳಿಗೆ ಸಾಕಾಗುವಷ್ಟು ಮೊಟ್ಟೆ ಬರುತ್ತದೆ. ಅಲ್ಲದೆ ಅನ್ನವೇ ಸಾಲದಿದ್ದರೆ ಆ ದುಬಾರಿ ಪ್ರೋಟೀನೂ ಮೈ ಕಟ್ಟುವುದಿಲ್ಲ, ಸೌದೆಯಂತೆ ಉರಿದುಹೋಗುತ್ತದೆ.

ಇನ್ನೊಂದು ಅಪಾಯವೂ ಇದೆ. ಕೆಲವು ಹುಡಿಗಳಲ್ಲಿ ಚೀಟಿಯಲ್ಲಿ ಬರೆಯದ ನಿಷೇಧಿತ ಮದ್ದು ಬೆರೆತಿರುವುದುಂಟು. ಮುಂದೆ ರಾಷ್ಟ್ರ ಮಟ್ಟಕ್ಕೆ ಹೋದ ಮಗುವಿನ ಮೂತ್ರ ಪರೀಕ್ಷೆಯಲ್ಲಿ ಅದು ಸಿಕ್ಕಿಬಿದ್ದರೆ ತಿಳಿಯದೆ ತಿಂದೆ ಎಂಬ ಮಾತು ರಕ್ಷಣೆಯಾಗುವುದಿಲ್ಲ. ತನ್ನ ದೇಹದೊಳಗೆ ಏನಿದೆಯೋ ಅದಕ್ಕೆ ಆಟಗಾರನೇ ಹೊಣೆ ಎಂಬುದು ಉದ್ದೀಪನ ಮದ್ದಿನ ವಿರುದ್ಧದ ನಿಯಮ. ಕೆಫೀನ್ ತುಂಬಿದ ಶಕ್ತಿ ಪಾನೀಯಗಳ ಡಬ್ಬಿಯ ಮೇಲೆ ಮಕ್ಕಳಿಗೆ ಸೂಕ್ತವಲ್ಲ ಎಂದು ಸರಕಾರದ ನಿಯಮದಂತೆ ಬರೆದೇ ಇರುತ್ತದೆ. ಸಣ್ಣ ಅಕ್ಷರದ ಆ ಸಾಲನ್ನು ಹೆತ್ತವರು ಓದಬೇಕು.

ರಕ್ತದಲ್ಲಿ ಕಬ್ಬಿಣ

ಉಸಿರಿನ ಆಮ್ಲಜನಕವನ್ನು ಕಾಲಿನ ಸ್ನಾಯುವಿಗೆ ಮುಟ್ಟಿಸುವುದು ರಕ್ತದ ಕಬ್ಬಿಣಾಂಶ. ಅದು ಕಡಿಮೆಯಾದರೆ ಎಷ್ಟು ಅಭ್ಯಾಸ ಮಾಡಿದರೂ ಏದುಸಿರು ಹೋಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ, ಹುಡುಗರಲ್ಲಿ ನೂರಕ್ಕೆ 31 ಮಂದಿಗೆ ರಕ್ತಹೀನತೆ ಇತ್ತು. ಹುಡುಗಿಯರಿಗೆ ಪ್ರತಿ ತಿಂಗಳೂ ಕಬ್ಬಿಣ ನಷ್ಟವಾಗುವುದರಿಂದ ಅವರ ಬೇಡಿಕೆಯೂ ಹೆಚ್ಚು.

ಮೀನು, ಮಾಂಸ, ಪಿತ್ತಜನಕಾಂಗದ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುತ್ತದೆ. ಹುರುಳಿ, ಅಲಸಂಡೆ, ಹರಿವೆ, ನುಗ್ಗೆಸೊಪ್ಪಿನದು ಸ್ವಲ್ಪವೇ ಹತ್ತುತ್ತದೆ. ಆದರೆ ಅದೇ ಊಟದಲ್ಲಿ ಸಿ ಜೀವಸತ್ವ ಇದ್ದರೆ ಹೆಚ್ಚು ಹತ್ತುತ್ತದೆ. ಪಲ್ಯಕ್ಕೆ ನಿಂಬೆರಸ ಹಿಂಡಿ. ಊಟದ ಜೊತೆ ಪೇರಳೆ, ಪಪ್ಪಾಯಿ, ನೆಲ್ಲಿಕಾಯಿ ಕೊಡಿ. ಬೀಜ ಕಿತ್ತು ನಾವು ಗುಡ್ಡೆಯಲ್ಲೇ ಎಸೆಯುವ ಗೇರುಹಣ್ಣಿನಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಸಿ ಜೀವಸತ್ವವಿದೆ. ಚಹಾ ಮತ್ತು ಕಾಫಿ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿರಲಿ. 10ರಿಂದ 19 ವರ್ಷದವರಿಗೆ ವಾರಕ್ಕೊಂದರಂತೆ ಕಬ್ಬಿಣದ ಗುಳಿಗೆ ಕೊಡುವ ಸರಕಾರಿ ಯೋಜನೆ 2013ರಿಂದ ಇದೆ. ಶಾಲೆಯಲ್ಲಿ ಕೊಟ್ಟ ಗುಳಿಗೆಯನ್ನು ಮಗು ಬಿಸಾಡುತ್ತಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳದ ಬಾಧೆ ಬರುವುದುಂಟು. ಆ ಹುಳ ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಆದ್ದರಿಂದ ಶಾಲೆಯಲ್ಲಿ ಕೊಡುವ ಜಂತುಹುಳದ ಮದ್ದನ್ನೂ ತಪ್ಪಿಸಬಾರದು.

ತಾಯಂದಿರಲ್ಲಿ ಒಂದು ಮಾತು

ಚೆನ್ನಾಗಿ ಓಡುವ ಹುಡುಗಿಗೆ ಎರಡು ಮೂರು ತಿಂಗಳು ಮುಟ್ಟು ನಿಂತರೆ ಕೆಲವು ಮನೆಗಳಲ್ಲಿ ಅದನ್ನು ದೊಡ್ಡದು ಮಾಡುವುದಿಲ್ಲ. ಅಭ್ಯಾಸ ಜೋರಾಗಿದೆ, ಹಾಗಾಗಿ ಎಂದು ಸುಮ್ಮನಿರುತ್ತಾರೆ. ಪಂದ್ಯದ ಸಮಯದಲ್ಲಿ ಅನುಕೂಲವೇ ಆಯಿತೆಂದು ಹುಡುಗಿಯೂ ಹೇಳುವುದಿಲ್ಲ. ಇದು ಅನುಕೂಲವಲ್ಲ, ಎಚ್ಚರಿಕೆ. ಊಟ ಸಾಲದೆ ಹೋದಾಗ ದೇಹ ಮುಂದೂಡುವ ಕೆಲಸಗಳಲ್ಲಿ ಮುಟ್ಟು ಮೊದಲಿನದು. ಅದರೊಂದಿಗೆ ಎಲುಬನ್ನು ಕಾಯುವ ಹಾರ್ಮೋನೂ ತಗ್ಗುತ್ತದೆ. ದೊಡ್ಡವರ ಎಲುಬಿನ ಸುಮಾರು ಕಾಲು ಭಾಗ ಕಟ್ಟಲ್ಪಡುವುದು ಹದಿಹರೆಯದಲ್ಲಿ ಬೆಳವಣಿಗೆ ಅತಿ ವೇಗವಾಗಿರುವ ಎರಡು ವರ್ಷಗಳ ಆಸುಪಾಸಿನಲ್ಲಿ. ಆಗ ಕಟ್ಟದೆ ಉಳಿದದ್ದನ್ನು ಮುಂದೆ ಪೂರ್ತಿಯಾಗಿ ತುಂಬಿಸುವುದು ಕಷ್ಟ. ಓಡುತ್ತಿದ್ದಂತೆ ಮೊಣಕಾಲ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟು ಆಟವೇ ನಿಂತುಹೋಗಬಹುದು.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ವೈದ್ಯರು 2014ರಲ್ಲಿ ಈ ಶಕ್ತಿಯ ಕೊರತೆಗೆ ಪ್ರತ್ಯೇಕ ಹೆಸರನ್ನೇ ಕೊಟ್ಟರು. ಇದು ಹುಡುಗಿಯರಿಗೆ ಮಾತ್ರವಲ್ಲ, ಹುಡುಗರಿಗೂ ಬರುತ್ತದೆ ಎಂದರು. ಮನೆಯವರು ಗಮನಿಸಬೇಕಾದ ಲಕ್ಷಣಗಳು ಇವು: ಮೂರು ತಿಂಗಳು ಮುಟ್ಟು ನಿಲ್ಲುವುದು, ಅಥವಾ 15 ವರ್ಷವಾದರೂ ಆರಂಭವಾಗದಿರುವುದು, ಎಲುಬಿನ ಒಂದೇ ಜಾಗದಲ್ಲಿ ಮತ್ತೆ ಮತ್ತೆ ನೋವು, ಪದೇ ಪದೇ ಶೀತ ಜ್ವರ, ಎತ್ತರ ಬೆಳೆಯದಿರುವುದು ಅಥವಾ ತೂಕ ಇಳಿಯುವುದು, ಅಭ್ಯಾಸ ಹೆಚ್ಚಿದರೂ ಓಟ ನಿಧಾನವಾಗುವುದು, ಕಾರಣವಿಲ್ಲದ ಸಿಡುಕು, ನಿದ್ದೆಗೇಡು. ಇವುಗಳಲ್ಲಿ ಒಂದು ಕಂಡರೂ ನಾಚಿಕೆಪಡದೆ ವೈದ್ಯರಲ್ಲಿ ತೋರಿಸಬೇಕು. ಎಲುಬಿಗೆ ಬೇಕಾದ ಸುಣ್ಣದಂಶ ಹಾಲು, ಮೊಸರು, ಮುಳ್ಳು ಸಮೇತ ತಿನ್ನಬಹುದಾದ ಸಣ್ಣ ಮೀನು ಮತ್ತು ರಾಗಿಯಲ್ಲಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಈ ವಯಸ್ಸಿನವರಿಗೆ ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ.

ಇನ್ನೊಂದು. ಒಳ್ಳೆಯ ಮೀನಿನ ತುಂಡು ಮೊದಲು ಗಂಡಸರ ತಟ್ಟೆಗೆ, ಉಳಿದದ್ದು ಹೆಣ್ಣುಮಕ್ಕಳಿಗೆ ಎಂಬ ಕ್ರಮ ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಓಡುವ ಮಗಳಿರುವ ಮನೆಯಲ್ಲಿ ಅದು ನಿಲ್ಲಲೇಬೇಕು.

ಬೆವರು ಮತ್ತು ನೀರು

ನಮ್ಮ ಕರಾವಳಿಯ ಸೆಕೆಯಲ್ಲಿ ಒಂದು ಗಂಟೆಯ ಆಟಕ್ಕೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗುವುದು ಸಾಮಾನ್ಯ. ಎಷ್ಟು ಹೋಯಿತೆಂದು ತಿಳಿಯಲು ಆಟಕ್ಕೆ ಮೊದಲೂ ಆಮೇಲೂ ತೂಕ ನೋಡಿದರೆ ಸಾಕು. ಒಂದು ಕಿಲೊ ಇಳಿದಿದ್ದರೆ ಒಂದು ಲೀಟರ್ ನೀರು ಹೋಗಿದೆ. ಅದಕ್ಕೆ ಬದಲಾಗಿ ಮುಂದಿನ ಕೆಲವು ಗಂಟೆಗಳಲ್ಲಿ ಒಂದೂಕಾಲರಿಂದ ಒಂದೂವರೆ ಲೀಟರ್ ಕುಡಿಯಬೇಕು. ಬೊಂಡ ಬಹಳ ಒಳ್ಳೆಯದು, ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಆದರೆ ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಉಪ್ಪು, ಅದು ಬೊಂಡದಲ್ಲಿ ಕಡಿಮೆ. ಆದ್ದರಿಂದ ಬೊಂಡದ ಜೊತೆ ಉಪ್ಪು ಹಾಕಿದ ಮಜ್ಜಿಗೆಯೋ ಗಂಜಿ ತಿಳಿಯೋ ಇರಲಿ.

ತೂಕ ಇಳಿಸುವ ಹಟ

ಕಬಡ್ಡಿ, ಹಗ್ಗಜಗ್ಗಾಟಗಳಲ್ಲಿ ತೂಕದ ಮಿತಿ ಇರುವುದರಿಂದ ಕೆಲವು ಹುಡುಗರು ಪಂದ್ಯದ ಹಿಂದಿನ ಎರಡು ದಿನ ಉಣ್ಣುವುದಿಲ್ಲ, ನೀರೂ ಕುಡಿಯುವುದಿಲ್ಲ, ಮಳೆಯಂಗಿ ತೊಟ್ಟು ಬಿಸಿಲಲ್ಲಿ ಓಡುತ್ತಾರೆ. ತೂಕದ ಕಾಟದಲ್ಲಿ ಇಳಿಯುವುದು ನೀರು, ಕೊಬ್ಬಲ್ಲ. ಮೈ ಬಿಸಿಯೇರಿ, ಮೂತ್ರಪಿಂಡಕ್ಕೆ ಪೆಟ್ಟಾಗಿ ಪ್ರಾಣಕ್ಕೇ ಅಪಾಯ ಬಂದದ್ದುಂಟು. ಬೆಳೆಯುವ ಹುಡುಗ ಒಂದು ವಿಭಾಗದ ತೂಕ ಮೀರಿದರೆ ಮೇಲಿನ ವಿಭಾಗದಲ್ಲಿ ಆಡಲಿ. ಇದನ್ನು ತರಬೇತಿ ಕೊಡುವವರ ಹತ್ತಿರ ಧೈರ್ಯವಾಗಿ ಹೇಳುವುದು ಹೆತ್ತವರ ಕೆಲಸ.

ತಪಸ್ಸು ಕಾಲದ ಉಪವಾಸದ ಬಗ್ಗೆಯೂ ಹೇಳಬೇಕು. ಧರ್ಮಸಭೆಯ ನಿಯಮದಂತೆ ಉಪವಾಸದ ಕಟ್ಟಳೆ 18 ವರ್ಷ ತುಂಬಿದವರಿಗೆ. ಮಾಂಸವರ್ಜನೆ 14 ತುಂಬಿದವರಿಗೆ. ಶುಕ್ರವಾರ ಮಾಂಸದ ಬದಲು ಮೀನು, ಮೊಟ್ಟೆ, ಕಾಳು ಕೊಟ್ಟರೆ ಕೊರತೆಯಾಗುವುದಿಲ್ಲ.

ಏನು ನೆಡೋಣ?

ಅಡಿಕೆಗೂ ರಬ್ಬರಿಗೂ ಜಾಗ ಬಿಟ್ಟುಕೊಡುತ್ತಾ ನಮ್ಮ ಮನೆಗಳ ಹಿತ್ತಿಲು ಸಣ್ಣದಾಗುತ್ತಾ ಬಂದಿದೆ. ಬಾವಿಕಟ್ಟೆಯ ನೀರು ಹರಿಯುವಲ್ಲಿ ಒಂದು ಬಸಳೆ ಚಪ್ಪರ, ಅಂಗಳದ ಬದಿಯಲ್ಲಿ ಒಂದು ನುಗ್ಗೆ, ಎರಡು ಪಪ್ಪಾಯಿ, ಒಂದು ಪೇರಳೆ, ಅಡಿಕೆಯ ನಡುವೆ ನಾಲ್ಕು ಬುಡ ಕದಳಿ ಮತ್ತು ನೇಂದ್ರ, ಹತ್ತು ಕೋಳಿ, ಇಷ್ಟಿದ್ದರೆ ತಟ್ಟೆಯ ಅರ್ಧ ತುಂಬಿತು. ಗದ್ದೆ ಉಳಿಸಿಕೊಂಡವರು ಕೊಯ್ಲಿನ ನಂತರ ಮಣ್ಣಿನ ತೇವದಲ್ಲೇ ಹುರುಳಿ, ಹೆಸರು, ಅಲಸಂಡೆ ಬಿತ್ತಬಹುದು. ನೆಲಕ್ಕೂ ಸಾರಜನಕ ಸೇರುತ್ತದೆ, ಮಕ್ಕಳಿಗೂ ಸಸಾರಜನಕ ಸಿಗುತ್ತದೆ.

ಪದಕ ಎಲ್ಲರಿಗೂ ಸಿಗುವುದಿಲ್ಲ. ಶಾಲೆಯಲ್ಲಿ ಓಡಿದ ಹೆಚ್ಚಿನವರು ಮುಂದೆ ಕೃಷಿಯನ್ನೋ ಉದ್ಯೋಗವನ್ನೋ ಹಿಡಿದು ಮೈದಾನವನ್ನು ಮರೆಯುತ್ತಾರೆ. ಆದರೆ ಈ ವಯಸ್ಸಿನಲ್ಲಿ ಕಟ್ಟಿದ ಎಲುಬು, ತುಂಬಿದ ರಕ್ತ ಕೊನೆಯವರೆಗೂ ಅವರ ಜೊತೆ ಇರುತ್ತವೆ. ನಾಳೆ ಬೆಳಗ್ಗೆ ಮಗು ಮೈದಾನಕ್ಕೆ ಹೊರಡುವಾಗ ಕಣ್ಣ ಚಹಾದ ಲೋಟದ ಪಕ್ಕದಲ್ಲಿ ಒಂದು ಬಾಳೆಹಣ್ಣನ್ನೂ ಇಡೋಣ.